ನಿಂತು ಕೆಟ್ಟ ಗಾಡಿ

ಸ್ಕ್ರೂಡ್ರೈವರು ತಗಡಿನೊಳಗೆ ಹಿಡಿಯ ತನಕ ಇಳಿದುಹೋಯಿತು. ಚಂದ್ರಾಮಪ್ಪನಿಗೆ ಖುಷಿಯಾಯಿತು. ಅದು ಖುಷಿ ಎಂದು ಗೊತ್ತಾಗಲು ಒಂದು ಗಳಿಗೆ ಹಿಡಿಯಿತು. ಗೊತ್ತಾದ ಕೂಡಲೇ ಮುಖ ಸಪ್ಪಗೆ ಮಾಡಿಕೊಂಡ.

ಆ ಮುಖ ನೋಡಲು ಅಲ್ಲಿ ಯಾರೂ ಇರಲಿಲ್ಲ. ಅಬ್ದುಲ್ ಕರೀಮ ಅಂಬಾಸಡರ್ ಕಾರಿನ ಕೆಳಗೆ ಅಂಗಾತ ಮಲಗಿದ್ದ, ಮೊಣಕಾಲಿನಿಂದೀಚೆಗೆ ಮಾತ್ರ ಕಾಣುತ್ತಿದ್ದ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ಬೇವಿನ ಮರಕ್ಕೆ ಆತು ನಿಂತ ತಗಡಿನ ಶೆಡ್ಡೇ ಅವನ ಗ್ಯಾರೇಜು. ಸುಗ್ಗಿಯ ಕಾಲವಾದ್ದರಿಂದ ಹೊರಗೆ ಎರಡು ಟ್ರ್ಯಾಕ್ಟರ್ ಟ್ರಾಲಿಗಳು ಪಾಳಿಗೆ ನಿಂತಿದ್ದವು.

ಕರೀಮ ಇನ್ನೂ ನಾಲ್ಕು ಕಡೆ ಚುಚ್ಚಿದ. ನಾಲ್ಕು ಕಡೆಯೂ ಒಳಗೆ ಹೋಯಿತು. ಕೆಂಪು ಪುಡಿ ಅವನ ಎದೆಯ ಮೇಲೆ ಉದುರಿತು. ಚಂದ್ರಾಮಪ್ಪ ಮನಸ್ಸಿನಲ್ಲೇ ಎಣಿಸುತ್ತಿದ್ದ: ಐದು. ಐದು ತೂತಿನ ಕಾರಿನಲ್ಲಿ ಮದುಮಗಳನ್ನು ಕೂರಿಸಿಕೊಂಡು ಹೋಗು ಎಂದು ಯಾವ ತಂಗಿಯೂ ಹಠ ಹಿಡಿಯಲಾರಳು. ಮನೆಗೆ ಹೋಗಿ ಹೇಳಬೇಕಾದ ಮಾತು ತಯಾರಾಗತೊಡಗಿತು. 'ಕರೀಮನೇ ಕೈಬಿಟ್ಟ.' ಎರಡೇ ಪದ, ಸಾಕು. ಜೊತೆಗೆ ಒಂದು ನಿಟ್ಟುಸಿರು.

ಕರೀಮ ಹೊರಗೆ ತೆವಳಿ ಬಂದ. ಬಾನೆಟ್ ಎತ್ತಿ ಎಂಜಿನ್ನಿಗೆ ಕಿವಿಗೊಟ್ಟ. ಚಾವಿ ತಿರುಗಿಸಲು ಹೇಳಿದ. ಚಂದ್ರಾಮಪ್ಪ ತಿರುಗಿಸಿದ. ಮೂರು ತಿಂಗಳು ಮುಟ್ಟದ ಎಂಜಿನ್ನು, ಕರೀಮನ ಹೊಸ ಬ್ಯಾಟರಿ ಬಿದ್ದದ್ದೇ ತಡ, ನಾಚಿಕೆಗೆಟ್ಟು ಹೊಡೆದುಕೊಂಡಿತು.

ಕರೀಮ ನಕ್ಕ. ಎಂಜಿನ್ನು ಶೇರ್, ಹುಲಿ ಇದ್ದ ಹಾಗೆ ಇದೆ, ಗೇರಿಗೆ ಏನೂ ಆಗಿಲ್ಲ, ಹೋಗಿರುವುದು ತಳ ಒಂದೇ, ಡ್ರಮ್ಮಿನ ತಗಡು ಕತ್ತರಿಸಿ ಬೆಸುಗೆ ಹಾಕಿದರೆ ಎರಡು ದಿವಸದ ಕೆಲಸ, ಅಂದ. ಖರ್ಚನ್ನೂ ಹೇಳಿದ. ಅದು ಹೆಚ್ಚಿರಲಿಲ್ಲ. ಹೆಚ್ಚಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಚಂದ್ರಾಮಪ್ಪನಿಗೆ ಅನ್ನಿಸಿತು. ಹಳೆಯ ಗಿರಾಕಿಯೆಂದು ಕಡಿಮೆ ಹೇಳುತ್ತಾನೆ, ಅಯೋಗ್ಯ.

ತಳಕ್ಕೆ ಹೀಗೇಕಾಯಿತು ಎಂದು ಕೇಳಿದ, ಏನಾದರೂ ಕೇಳಬೇಕಲ್ಲ ಎಂದು.

"ಗಾಡಿ ಓಡಿ ಕೆಟ್ಟಿಲ್ರಿ ಸರ್," ಅಂದ ಕರೀಮ, ಕೈ ಒರೆಸಿಕೊಳ್ಳುತ್ತ. "ನಿಂತು ಕೆಟ್ಟದ. ಎಲ್ಲಿ ನಿಂದರಸ್ತೀರಿ?"

ಮನೆಯ ಹಿಂದೆ ಎಂದ. ಕರೀಮನಿಗೆ ಆ ಜಾಗ ಗೊತ್ತಿತ್ತು. ವಿತರಣಾ ಕಾಲುವೆ ಅಲ್ಲೇ ಹಾದುಹೋಗುತ್ತದೆ. ಕಾಲುವೆ ಬಂದಾಗಿನಿಂದ ಆ ಖುಲ್ಲಾ ಜಾಗದಲ್ಲಿ ವರ್ಷಕ್ಕೆ ಎಂಟು ತಿಂಗಳು ಬಸಿನೀರು, ಉಳಿದ ನಾಲ್ಕು ತಿಂಗಳು ಬಿಳಿ ಉಪ್ಪು. ಅಲ್ಲಿ ಕಬ್ಬಿಣ ನಿಲ್ಲಿಸಿದರೆ ಜಂಗು ತಿನ್ನದೆ ಇನ್ನೇನು ಮಾಡೀತು? ನಿಮ್ಮ ಮನೆ ಮುಂದೆ ಪರಸಿ ಕಲ್ಲು ಹಾಸಿದ ಅಂಗಳ ಇದೆಯಲ್ಲ, ಅಲ್ಲಿ ಯಾಕೆ ನಿಲ್ಲಿಸಲಿಲ್ಲ, ಎಂದು ಕೇಳಿದ. ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ.

ಚಂದ್ರಾಮಪ್ಪ ಬೇವಿನ ಮರದ ಕಡೆ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗೆ, ನೆರಳು, ಬಿಸಿಲು, ಮಕ್ಕಳು ಕಲ್ಲು ಹೊಡೆಯುತ್ತಾರೆ ಎಂದೆಲ್ಲ ಹೇಳಿದ. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಒಂದು ಕಾರಣ ಕೇಳಿದರೆ ಮೂರು ಕೊಡುವ ಚಟ. ಕರೀಮ ಮೂರನ್ನೂ ಕೇಳಿಸಿಕೊಂಡ. ಆಮೇಲೆ ಹೊತ್ತು ಮುಳುಗುವುದರೊಳಗೆ ಹೌದೋ ಅಲ್ಲವೋ ಹೇಳಿಬಿಡಿ, ಇಲ್ಲದಿದ್ದರೆ ನಾಳೆಯಿಂದ ಟ್ರಾಲಿ ಕೆಲಸ ಹಿಡಿಯುತ್ತೇನೆ, ಮದುವೆಗೆ ಗಾಡಿ ಆಗುವುದಿಲ್ಲ, ಅಂದ.

ಮದುವೆ ಬುಧವಾರ. ಇವತ್ತು ಶನಿವಾರ.

*

ಮದುವೆ ಅವನ ತಂಗಿ ಮೋನಮ್ಮನ ಮಗಳು ಸುಂದ್ರಮ್ಮನದು. ಹುಡುಗ ಬೋನಾಳದವನು, ಕೆರೆಯ ಪಕ್ಷಿಧಾಮದಲ್ಲಿ ಕಾವಲು ಕೆಲಸ. ಮದುವೆ ಹುಡುಗಿಯ ಊರಲ್ಲೇ. ಸಗರ ದಾಟಿ ಮೂರು ಮೈಲು ಹೋದರೆ ಸಿಗುವ ಆ ಊರು ಚಂದ್ರಾಮಪ್ಪನದೂ ಹೌದು, ಹುಟ್ಟಿದ ಮಟ್ಟಿಗೆ.

ಯುಗಾದಿಯ ಮರುದಿನ ಸುಂದ್ರಿ ಶಹಾಪುರಕ್ಕೆ ಬಂದಿದ್ದಳು, ಸೀರೆ ಕೊಳ್ಳಲು. ಮನೆಯ ಹಿಂದೆ ಹೋಗಿ, ಉಪ್ಪಿನ ಮೇಲೆ ನಿಂತಿದ್ದ ಕಾರನ್ನು ಸುತ್ತು ಹಾಕಿ ನೋಡಿ ಬಂದು, ಅತ್ತೆ ದೇವಕಮ್ಮನ ಮುಂದೆಯೇ ಹೇಳಿದಳು:

"ಮಾವ, ಬೋನಾಳಕ್ಕ ನಾ ನಿನ್ನ ಕಾರಿನ್ಯಾಗೇ ಹೋಗಾಕಿ. ಈ ಸಲ ಪೆಟ್ರೋಲ್ ತುಂಬಿಸ್ಕೊಂಡು ಬಾ."

ಹೇಳಿ ನಕ್ಕಳು. ಅವಳ ನಗೆಯಲ್ಲಿ ಏನಿತ್ತು ಎಂದು ಚಂದ್ರಾಮಪ್ಪ ಅವತ್ತಿನಿಂದ ಯೋಚಿಸುತ್ತಿದ್ದಾನೆ. ಏನೂ ಇರಲಿಲ್ಲ ಎಂದು ಬೆಳಿಗ್ಗೆ ಅನ್ನಿಸುತ್ತದೆ. ಎಲ್ಲವೂ ಇತ್ತು ಎಂದು ಮಧ್ಯಾಹ್ನ ಅನ್ನಿಸುತ್ತದೆ. ಅವಳಿಗೀಗ ಇಪ್ಪತ್ತು. ಅವತ್ತು ಒಂಬತ್ತು. ಒಂಬತ್ತು ವರ್ಷದ ಹುಡುಗಿಗೆ ಏನು ನೆನಪಿದ್ದೀತು?

ನೆನಪಿರುವುದಕ್ಕೆ ವಯಸ್ಸು ಬೇಕಿಲ್ಲ ಎಂಬುದಕ್ಕೆ ಅವನೇ ಸಾಕ್ಷಿಯಾಗಿದ್ದ.

ಕಾರು ಕೊಂಡ ವರ್ಷ ಊರಿಗೆ ಕಾಲುವೆಯ ನೀರು ಬಂದಿತ್ತು. ಅವನ ಕೇರಿಯಲ್ಲಿ ಆವರೆಗೆ ಯಾರ ಹತ್ತಿರವೂ ಕಾರಿರಲಿಲ್ಲ. ಅವನದು ಹಳೆಯದಾದರೂ ಕಾರೇ. ಮೊದಲ ದಿನವೇ ಶಹಾಪುರಕ್ಕೆ ಕರೆಸಿಕೊಂಡಿದ್ದ ಅಪ್ಪ ಅಯ್ಯಪ್ಪನನ್ನು ಮುಂದೆ ಕೂರಿಸಿಕೊಂಡು, ಹಿಂದೆ ಹೆಂಡತಿ ದೇವಕಮ್ಮ ಮತ್ತು ಅಪ್ಪನ ಜೊತೆ ಬಂದಿದ್ದ ಸುಂದ್ರಿಯನ್ನು ಹಾಕಿಕೊಂಡು ಊರಿಗೆ ಹೊರಟ. ಬಂಕಿನಲ್ಲಿ ಟ್ಯಾಂಕು ಕಂಠಮಟ್ಟ ತುಂಬಿಸಿದ.

ಊರೊಳಗೆ ಹೋಗಲು ಇದ್ದದ್ದು ಒಂದೇ ದಾರಿ. ಅಗಸೆಯ ಕಲ್ಲಿನ ಹೆಬ್ಬಾಗಿಲು ದಾಟಿದರೆ ದೊಡ್ಡ ಗೌಡರ ವಾಡೆ, ವಾಡೆ ದಾಟಿ ಇಳಿಜಾರಿನಲ್ಲಿ ಕೇರಿ. ಕೇರಿಯವರು ಸವಾರಿಯ ಮೇಲೆ ವಾಡೆಯ ಮುಂದೆ ಹಾಯುವಂತಿರಲಿಲ್ಲ. ಬಂಡಿಯಾದರೆ ಕೆಳಗಿಳಿದು ಹಗ್ಗ ಹಿಡಿದು ನಡೆಯಬೇಕು, ಸೈಕಲ್ಲಾದರೆ ತಳ್ಳಬೇಕು, ಅಪ್ಪನ ಕಾಲದಲ್ಲಿ ಚಪ್ಪಲಿಯೂ ಕೈಯಲ್ಲೇ. ಕಾನೂನು ಬಂದು ಬಹಳ ವರ್ಷವಾಗಿತ್ತು. ಯಾರೂ ಯಾರಿಗೂ ಇಳಿ ಎಂದು ಹೇಳುತ್ತಿರಲಿಲ್ಲ. ಇಳಿಯುತ್ತಿದ್ದರು, ಅಷ್ಟೆ.

ಅವತ್ತು ಗೌಡ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದ. ಕಾರಿನ ಕಡೆ ತಲೆ ಕೂಡ ಎತ್ತಲಿಲ್ಲ. ಚಂದ್ರಾಮಪ್ಪ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ: ನಿಲ್ಲಿಸುವುದಿಲ್ಲ. ಹಾರನ್ ಹೊಡೆದುಕೊಂಡೇ ಹೋಗುತ್ತೇನೆ. ಏನು ಮಾಡುತ್ತಾರೋ ನೋಡೋಣ. ಯಾರೂ ಏನೂ ಮಾಡಲಿಲ್ಲ. ಅವನ ಬಲಗಾಲೇ ಮಾಡಿತು. ಬ್ರೇಕಿನ ಮೇಲೆ ಹೋಗಿ ಕೂತಿತು. ಕೈ ಚಾವಿ ತಿರುಗಿಸಿತು. ಅಗಸೆಯ ಬಾಯಲ್ಲಿ ಕಾರು ನಿಂತಿತು.

ಹಿಂದಿನಿಂದ ಸುಂದ್ರಿ, ಯಾಕೆ ನಿಂತಿತು ಮಾವ, ಎಂದಳು. ಪೆಟ್ರೋಲ್ ಮುಗಿಯಿತು ಎಂದ.

ಅಪ್ಪ ಕೂಡಲೇ ಬಾಗಿಲು ತೆಗೆದು ಇಳಿದು, ಹಿಂದೆ ಹೋಗಿ ಕಾರಿಗೆ ಕೈ ಹಚ್ಚಿದ. ಮುದುಕನ ಮುಖದಲ್ಲಿ ಎಂಥ ನಿರಾಳ ಇತ್ತೆಂದರೆ, ಆ ಮುಖಕ್ಕಾಗಿ ಚಂದ್ರಾಮಪ್ಪ ಅವನನ್ನು ಸಾಯುವ ತನಕ ಕ್ಷಮಿಸಲಿಲ್ಲ. ತನ್ನನ್ನು ಕ್ಷಮಿಸಿಕೊಳ್ಳುವ ಮಾತು ಬೇರೆ.

ಅಷ್ಟಕ್ಕೇ ಮುಗಿದಿದ್ದರೆ ಬದುಕಬಹುದಿತ್ತು. ಆಗ ಗೌಡ ಪೇಪರು ಕೆಳಗಿಟ್ಟ.

"ಏನೋ ಚಂದ್ರಾಮ, ಪೆಟ್ರೋಲ್ ತೀರ್ತೇನು?"

ಹೌದ್ರಿ, ಎಂದ ಇತಿಹಾಸದ ಉಪನ್ಯಾಸಕ.

ಗೌಡನಿಗೆ ಅವತ್ತು ದೊಡ್ಡ ಮನಸ್ಸು ಬಂದಿತ್ತು. ನಮ್ಮ ಊರ ಹುಡುಗ ಕಾರು ತಂದಾನ ಎಂದು ಆಳನ್ನು ಕರೆದು, ತನ್ನ ಜೀಪಿಗೆಂದು ಇಟ್ಟಿದ್ದ ಕ್ಯಾನು ತರಿಸಿದ. ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಆಳು ಮುಚ್ಚಳ ತೆಗೆದು ಕ್ಯಾನು ಬಗ್ಗಿಸಿದ. ತುಂಬಿದ ಟ್ಯಾಂಕು ಎಷ್ಟು ಕುಡಿದೀತು? ಪೆಟ್ರೋಲು ಉಕ್ಕಿ ಮಡ್‌ಗಾರ್ಡಿನ ಮೇಲೆ ಹರಿದು, ಮಣ್ಣಿಗೆ ಬಿದ್ದು, ವಾಸನೆ ಎದ್ದಿತು.

ಆಳು ನೋಡಿದ. ಅಪ್ಪ ನೋಡಿದ. ಕಟ್ಟೆಯ ಮೇಲೆ ಕೂತಿದ್ದವರೆಲ್ಲ ನೋಡಿದರು. ಹಿಂದಿನ ಗಾಜಿಗೆ ಮೂಗು ಒತ್ತಿಕೊಂಡು ಸುಂದ್ರಿ ನೋಡಿದಳು. ಗೌಡ ನಗಲೂ ಇಲ್ಲ. ತಲೆದೂಗಿ ಮತ್ತೆ ಪೇಪರು ಎತ್ತಿಕೊಂಡ. ಅವನಿಗೆ ಎಲ್ಲ ತಿಳಿಯಿತು. ತಿಳಿದು ಅವನಿಗೆ ತೃಪ್ತಿಯಾಯಿತು.

ಆಮೇಲೆ ಚಂದ್ರಾಮಪ್ಪ ಊರಿಗೆ ಬಸ್ಸಿನಲ್ಲೇ ಹೋದ. ಬಸ್ಸು ಅಗಸೆಯ ಹೊರಗೇ ನಿಲ್ಲುತ್ತದೆ, ಎಲ್ಲರೂ ಇಳಿದು ನಡೆಯುತ್ತಾರೆ, ಅದೊಂದು ಅನುಕೂಲ. ಕಾರು ಯಾದಗಿರಿಯ ರೈಲು ಸ್ಟೇಷನ್ನಿಗೆ, ಸುರಪುರದ ಪರೀಕ್ಷೆ ಕೆಲಸಕ್ಕೆ ಹೋಗಿಬಂದು, ಬರಬರುತ್ತ ಎಲ್ಲಿಗೂ ಹೋಗದೆ, ಹಿತ್ತಲಿನ ನೀರಿನಲ್ಲಿ ನಿಂತಿತು.

*

ಮನೆಯಲ್ಲಿ ದೇವಕಮ್ಮ ಬೆಳಗಿನ ಶಾಲೆ ಮುಗಿಸಿ ಬಂದು ರೊಟ್ಟಿ ಬಡಿಯುತ್ತಿದ್ದಳು. ಹುಡುಗರಿಗೆ ಪಾಠ ಹೇಳಿ ಹೇಳಿ ಅವಳಿಗೆ ಸುಳ್ಳಿನ ವಾಸನೆ ದೂರದಿಂದಲೇ ಹತ್ತುತ್ತದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬರುವ ರೀತಿಯಲ್ಲೇ ಅವಳಿಗೆ ಅರ್ಧ ತಿಳಿಯಿತು.

"ಕರೀಮ ಭಾಯಿ ಏನಂದ?"

"ತಳ ಪೂರಾ ಹೋಗ್ಯಾದ."

"ಆಗ್ತದಂತೋ ಇಲ್ಲಂತೋ?"

"ಆಗೂದೇನು, ಆಗ್ತದ. ಆದ್ರ ಹಳೇ ಗಾಡಿ."

ರೊಟ್ಟಿಯ ಸದ್ದು ನಿಂತಿತು. ಕುಣೀಲಾರದಾಕಿ ಅಂಗಳ ಡೊಂಕು ಅಂದಳಂತ, ಎಂದು ಹೆಂಚಿಗೆ ಹೇಳಿದಳು. ಮತ್ತೆ ಬಡಿಯತೊಡಗಿದಳು.

ಅವನು ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರಲಿಲ್ಲ. ಭದ್ರತೆಯ ಬಗ್ಗೆ ಹೇಳಿದ. ಮದುಮಗಳ ಸೀರೆಗೆ ತುಕ್ಕಿನ ಕಲೆ ಹತ್ತುವ ಬಗ್ಗೆ ಹೇಳಿದ. ಬಾಡಿಗೆಗೆ ಒಂದು ಹೊಸ ಜೀಪು ಮಾಡಿಕೊಡುತ್ತೇನೆ, ಕಾರಿಗಿಂತ ಭೇಷಾಗಿರುತ್ತದೆ, ಎಂದ. ಡ್ರೈವರು ಬಾಡಿಗೆಯವರ ಕಡೆಯವನೇ ಇರುತ್ತಾನೆ ಎಂಬುದನ್ನು ಯಾಕೆ ಎರಡು ಸಲ ಹೇಳಿದೆ ಎಂದು ಹೇಳಿದ ಮೇಲೆ ಅನ್ನಿಸಿತು.

ದೇವಕಮ್ಮನಿಗೆ ಸಿಟ್ಟು ಬಂದಿತ್ತು, ಆದರೆ ದನಿ ಏರಲಿಲ್ಲ. ಅವತ್ತು ಹಿಂದಿನ ಸೀಟಿನಲ್ಲಿ ಅವಳೂ ಇದ್ದಳು. ಹನ್ನೊಂದು ವರ್ಷ ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ, ಇವತ್ತೂ ಆಡಲಿಲ್ಲ. ಮೋನಮ್ಮ ಮೂರು ಸಲ ಹೇಳಿ ಕಳಿಸಿದ್ದಾಳೆ, ಸುಂದ್ರಿ ಬೋನಾಳದವರಿಗೆಲ್ಲ ಮಾವನ ಕಾರು ಮಾವನ ಕಾರು ಎಂದು ಹೇಳಿಕೊಂಡಿದ್ದಾಳೆ, ಅದು ಆ ಹುಡುಗಿ ಕೇಳಿದ ಒಂದೇ ಒಂದು ವಸ್ತು, ಎಂದಷ್ಟೇ ಅಂದಳು. ಆಮೇಲೆ ತಾಟು ಮುಂದಿಟ್ಟು, ಇಲ್ಲ ಅನ್ನುವುದಿದ್ದರೆ ನೀವೇ ಹೋಗಿ ಅವಳ ಮುಖ ನೋಡಿ ಹೇಳಿ ಬರ್ರಿ, ನನ್ನ ಕೈಲಿ ಆಗುವುದಿಲ್ಲ, ಎಂದಳು.

ಗೋಡೆಯ ಮೇಲೆ ಬುದ್ಧ ಕಣ್ಣು ಮುಚ್ಚಿ ಕೂತಿದ್ದ. ಅವನ ಪಕ್ಕ ಮೊನ್ನೆಯ ಜಯಂತಿಯಲ್ಲಿ ಚಂದ್ರಾಮಪ್ಪನಿಗೆ ಹೊದಿಸಿದ ಶಾಲು ಮೊಳೆಗೆ ತೂಗುತ್ತಿತ್ತು. ಸ್ವಾಭಿಮಾನದ ಬಗ್ಗೆ ನಲವತ್ತು ನಿಮಿಷ ಮಾತಾಡಿದ್ದಕ್ಕೆ ಕೊಟ್ಟದ್ದು. ಬಹಳ ಚೆನ್ನಾಗಿ ಮಾತಾಡಿದ್ದ. ಯುವಕರು ಸೀಟಿ ಹೊಡೆದಿದ್ದರು. ಆಗ ಅವನಿಗೆ ತಾನು ಹೇಳುತ್ತಿರುವುದು ಇನ್ನೊಬ್ಬರು ಬರೆದುಕೊಟ್ಟ ಕಾಗದದ ಹಾಗೆ ಕೇಳಿಸಿತ್ತು, ಬರೆದವನು ತಾನೇ ಆಗಿದ್ದರೂ.

ಎರಡು ರೊಟ್ಟಿ ತಿಂದ. ಮೂರನೆಯದನ್ನು ತಾಟಿನಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಹೊರಟ.

*

ಊರಿನ ಬಸ್ಸು ಒಂದೂವರೆಗೇ ಹೋಗಿತ್ತು. ಮುಂದಿನದು ಆರಕ್ಕೆ. ಆರಕ್ಕೆ ಹೋದರೆ ಕರೀಮನಿಗೆ ಹೇಳುವ ಹೊತ್ತು ಮೀರುತ್ತದೆ. ಹೊತ್ತು ಮೀರಿದರೆ ತಾನು ಏನೂ ಹೇಳದೆಯೇ ಎಲ್ಲ ತೀರ್ಮಾನವಾಗುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಈ ಲೆಕ್ಕ ಅವನಿಗೆ ಬಸ್ ನಿಲ್ದಾಣದಲ್ಲಿ ನಿಂತಾಗ ಹೊಳೆಯಿತು. ಹೊಳೆದದ್ದೇ ತನ್ನ ಬಗ್ಗೆ ಹೇಸಿಗೆಯಾಯಿತು. ತಿರುಗಿ ಬಿರಬಿರನೆ ಗ್ಯಾರೇಜಿಗೆ ನಡೆದ.

ಗಾಡಿ ಕೆಟ್ಟಿದೆ ಎಂದು ಹೇಳಿ ಬರಲು ಅದೇ ಗಾಡಿಯಲ್ಲಿ ಹೋಗುವವನು ಶಹಾಪುರ ತಾಲೂಕಿನಲ್ಲಿ ತಾನೊಬ್ಬನೇ ಇರಬೇಕು ಅನ್ನಿಸಿತು. ಕರೀಮನಿಗೆ ಟ್ರಯಲ್ ನೋಡಿ ಬರುತ್ತೇನೆ ಎಂದ. ಕರೀಮ ಕಾಲಡಿಯ ದೊಡ್ಡ ತೂತಿನ ಮೇಲೆ ಗೋಣಿಚೀಲ ಮಡಚಿ ಹಾಕಿದ. ನಿಧಾನ ಹೋದರೆ ಏನೂ ಆಗುವುದಿಲ್ಲ, ಬ್ರೇಕು ಗಟ್ಟಿ ಇದೆ, ಎಂದು ಧೈರ್ಯ ಹೇಳಿದ.

ಕಾರು ಚೆನ್ನಾಗಿ ಓಡಿತು. ಅದೇ ದುಃಖ. ಸಗರದ ದಾರಿಗೆ ಹೊರಳಿದ ಮೇಲೆ ಕಾಲುವೆ ಜೊತೆಗೆ ಬಂತು. ನೀರು ಬಂದ್ ಮಾಡಿ ವಾರವಾಗಿತ್ತು, ತಳದಲ್ಲಿ ಹಸಿರು ಪಾಚಿ, ಒಂದು ಸತ್ತ ನಾಯಿ. ಮೊದಲು ಜೋಳ ನಿಲ್ಲುತ್ತಿದ್ದ ಎರೆಹೊಲಗಳಲ್ಲಿ ಭತ್ತ ಕೊಯ್ದ ಕೂಳೆ. ಅವನಪ್ಪ ಹುಟ್ಟಿದಾಗಿನಿಂದ ಜೋಳದ ಹೊಲದಲ್ಲಿ ದುಡಿದವನು, ಕೊನೆಯ ವರ್ಷ ಭತ್ತದ ಕೆಸರಲ್ಲಿ ಕಾಲಿಟ್ಟು, ಇದು ನೆಲಾನ ಅಲ್ಲ, ಎಂದು ಗೊಣಗುತ್ತಿದ್ದ. ಈಗ ಅಲ್ಲಲ್ಲಿ ಹೊಲಗಳು ಸವಳು ಹಿಡಿದು ಬೆಳ್ಳಗಾಗಿದ್ದವು.

ಚಂದ್ರಾಮಪ್ಪ ತಾಲೀಮು ಮಾಡುತ್ತಿದ್ದ. ಅಗಸೆಗೆ ನೂರು ಗಜ ಇರುವಾಗಲೇ ಮೂರನೇ ಗೇರು. ಬಲಗಾಲು ಆಕ್ಸಿಲರೇಟರಿನ ಮೇಲೆ, ಎಡಗಾಲು ದೂರ. ವಾಡೆಯ ಕಡೆ ನೋಡಬಾರದು. ನೋಡಿದರೂ ಏನು? ನೇರ ತಂಗಿಯ ಮನೆ ಮುಂದೆ ಹೋಗಿ ನಿಲ್ಲಿಸಿ, ಏನವಾ ಸುಂದ್ರಿ, ಕಾರು ತಂದೀನಿ ನೋಡು, ಎನ್ನಬೇಕು. ಅಲ್ಲಿಂದ ತಿರುಗಿ ಬಂದು ಹೊತ್ತು ಮುಳುಗುವ ಮೊದಲು ಕರೀಮನಿಗೆ ಹ್ಞೂಂ ಎನ್ನಬೇಕು. ಇಷ್ಟೇ. ಎಷ್ಟು ಸರಳ. ಎದುರಿಗೆ ಬಂದ ಎತ್ತಿನ ಬಂಡಿಗೆ ಬೇಕೆಂದೇ ಬ್ರೇಕು ಹಾಕದೆ ಹಾದುಹೋದ. ಬಂಡಿಯವನು ತಾಯಿ ಎತ್ತಿ ಬೈದ. ಚಂದ್ರಾಮಪ್ಪನಿಗೆ ಹುರುಪು ಬಂತು. ಒಬ್ಬನೇ ಇದ್ದರೂ ಗಟ್ಟಿಯಾಗಿ ನಕ್ಕ.

*

ಅಗಸೆ ಇರಲಿಲ್ಲ.

ಬಸ್ಸಿಳಿದು ತಲೆ ತಗ್ಗಿಸಿ ನಡೆದು ಹೋಗುವವನಿಗೆ ಇದು ಇಷ್ಟು ದಿನ ಸರಿಯಾಗಿ ಕಂಡೇ ಇರಲಿಲ್ಲ. ಭತ್ತ ಕೊಯ್ಯುವ ಯಂತ್ರ ಒಳಗೆ ಹೋಗುವುದಿಲ್ಲವೆಂದು ಊರವರೇ ಹೋದ ವರ್ಷ ಕೆಡವಿದ್ದರಂತೆ. ಎರಡು ಕಡೆ ಕಲ್ಲಿನ ಮೋಟು ಗೋಡೆ ಉಳಿದಿತ್ತು. ದೊಡ್ಡ ಗೌಡ ಸತ್ತು ಆರು ವರ್ಷ. ಮಕ್ಕಳು ಕಲಬುರಗಿ ಸೇರಿದ್ದರು. ವಾಡೆಯನ್ನು ರಸಗೊಬ್ಬರದ ವ್ಯಾಪಾರಿಯೊಬ್ಬ ಗೋದಾಮಿಗೆ ಹಿಡಿದಿದ್ದ. ಬಾಗಿಲಿಗೆ ಬೀಗ, ಬೀಗದ ಕೆಳಗೆ ಗೋಣಿಚೀಲದ ರಾಶಿ. ಕಟ್ಟೆಯ ಮೇಲೆ ಗಡ್ಡದ ಹೋತವೊಂದು ಕೂತು ಮೆಲುಕು ಹಾಕುತ್ತಿತ್ತು.

ಅವನ ಮುಂದೆ ಒಂದು ಟ್ರ್ಯಾಕ್ಟರು ಹೋಗುತ್ತಿತ್ತು. ಟ್ರಾಲಿಯ ತುಂಬ ಅವನ ಕೇರಿಯ ಹೆಂಗಸರು, ಗಂಡಸರು, ಹೊಲದಿಂದ ಮರಳುವವರು. ಕಾಲು ಇಳಿಬಿಟ್ಟುಕೊಂಡು, ಎಲೆ ಅಡಿಕೆ ಹಾಕಿಕೊಂಡು, ಯಾರದೋ ಬಗ್ಗೆ ಹಾಸ್ಯ ಮಾಡಿ ನಗುತ್ತ ಕೂತಿದ್ದರು. ಟ್ರ್ಯಾಕ್ಟರು ವಾಡೆಯ ಮುಂದೆ ಹಾದುಹೋಯಿತು. ಯಾರೂ ಇಳಿಯಲಿಲ್ಲ. ಯಾರೂ ಇಳಿಯದಿರಲು ಧೈರ್ಯ ಮಾಡಲೂ ಇಲ್ಲ. ಒಬ್ಬ ಹೆಂಗಸು ಕಟ್ಟೆಯ ಬುಡಕ್ಕೆ ಎಲೆಯ ಎಂಜಲು ಉಗಿದಳು, ಅಲ್ಲಿ ಉಗಿಯುವುದು ವಾಡಿಕೆ ಎಂಬಂತೆ.

ಚಂದ್ರಾಮಪ್ಪನ ಎದೆ ಹಗುರಾಯಿತು. ಅಯ್ಯೋ ಮಳ್ಳ, ಅಂದುಕೊಂಡ. ಹನ್ನೊಂದು ವರ್ಷ ಯಾರಿಗೆ ಹೆದರಿದೆ? ಮೂರನೇ ಗೇರಿನಲ್ಲೇ ಇದ್ದ.

ಬಲಗಾಲು ಬ್ರೇಕಿನ ಮೇಲೆ ಹೋಗಿ ಕೂತಿತು.

ಕಾರು ನಿಂತಿತು. ಕೈ ಚಾವಿ ತಿರುಗಿಸಿ ಕಿತ್ತುಕೊಂಡಿತು. ಇಳಿದು ಬಾಗಿಲು ಮುಚ್ಚಿ, ಮುರಿದ ಅಗಸೆಯ ಕಲ್ಲಿನ ಹತ್ತಿರ ನಿಂತ. ಯಾರೂ ಇರಲಿಲ್ಲ. ಬೈಯುವವರಿಲ್ಲ, ನಗುವವರಿಲ್ಲ, ಪೇಪರು ಓದುವವರಿಲ್ಲ. ಊರು ಮರೆತದ್ದನ್ನು ತನ್ನ ಕಾಲು ಮರೆತಿಲ್ಲ ಎಂದು ಅವನಿಗೆ ಅರ್ಥವಾಯಿತು. ಅಳು ಬಂತು. ನಲವತ್ತೆಂಟು ವರ್ಷದವನು ಬೀದಿಯಲ್ಲಿ ನಿಂತು ಅಳುವುದು ಹೇಗೆ ಎಂದು ತಿಳಿಯದೆ ಕೆಮ್ಮಿದ.

"ಮಾವ!"

ದರ್ಜಿಯ ಓಣಿಯಿಂದ ಸುಂದ್ರಿ ಓಡಿ ಬರುತ್ತಿದ್ದಳು, ಕೈಯಲ್ಲಿ ಹೊಲಿಸಿದ ಕುಪ್ಪಸದ ಪೊಟ್ಟಣ. ಬಂದವಳು ಮೊದಲು ಕಾರನ್ನು ಮುಟ್ಟಿದಳು, ಆಮೇಲೆ ಅವನನ್ನು. ರಿಪೇರಿ ಆಯಿತೇ ಎಂದಳು. ಅವಳ ಮುಖ ನೋಡಿ ಅವನಿಗೆ ನಿಜ ಹೇಳುವ ಆಸೆಯಾಯಿತು. ಎಲ್ಲ ಹೇಳಿಬಿಡಬೇಕು, ಇಲ್ಲೇ, ಈ ಕಲ್ಲಿನ ಹತ್ತಿರ.

"ಕೆಟ್ಟು ನಿಂತದ," ಎಂದ.

ಸುಂದ್ರಿಯ ಕೈ ಬಾನೆಟ್ಟಿನ ಮೇಲಿತ್ತು. ಬಾನೆಟ್ಟು ಬಿಸಿಯಾಗಿತ್ತು. ಅವಳು ಏನೋ ಕೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಮುಂದೆ ಹೋಗಿದ್ದ ಟ್ರ್ಯಾಕ್ಟರು ನಿಂತು, ಟ್ರಾಲಿಯಿಂದ ಮೂರು ಮಂದಿ ಗಂಡಸರು ಜಿಗಿದು ಬಂದರು. ಏನಾಯ್ತ್ರಿ ಸರ್, ಗಾಡಿ ಕೈ ಕೊಡ್ತೇನು, ಸರಿರಿ, ನಾವು ನೂಕ್ತೀವಿ, ಇಳಿಜಾರದಲ್ಲಿ ತಾನೇ ಹೊಡಕೊಳ್ತದ, ಎಂದು ಹಿಂದೆ ಹೋಗಿ ನಿಂತರು. ಯಾರಾದರೂ ಚುಕ್ಕಾಣಿ ಹಿಡಿಯಬೇಕಲ್ಲ. ಅವನು ಕದಲಲಿಲ್ಲ. ಸುಂದ್ರಿ ಅವನನ್ನು ಒಂದು ಗಳಿಗೆ ನೋಡಿ, ತಾನೇ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತಳು.

ಕೂತು ಚಾವಿ ಹುಡುಕಿದಳು. ಚಾವಿ ಇರಲಿಲ್ಲ. ಚಾವಿಯ ಖಾಲಿ ತೂತನ್ನು ಬೆರಳಿನಿಂದ ಮುಟ್ಟಿ ನೋಡಿ ತಲೆ ಬಗ್ಗಿಸಿದಳು. ತಲೆ ಎತ್ತಿದಾಗ ಅವಳ ಮುಖದಲ್ಲಿ ಯುಗಾದಿಯ ನಗೆ ಇರಲಿಲ್ಲ. ಹಿಂದಿನವರಿಗೆ ಕೇಳದ ಹಾಗೆ, ಕಿಟಕಿಯಿಂದ ಹೇಳಿದಳು:

"ಮಾವ, ಬುಧವಾರ ನೀ ಬರಬ್ಯಾಡ. ಕಾರಷ್ಟ ಕೊಡು. ಓಡ್ಸವ್ರು ಯಾರಾರ ಸಿಗ್ತಾರ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಆಧಾರವಾಗುತ್ತಿತ್ತು. ಕಿಟಕಿಯಿಂದ ಅಂಗೈ ಚಾಚಿದಳು, ಚಾವಿಗೆ.

ಕೊಡಬೇಕು ಅನ್ನಿಸಿತು. ಇದೊಂದನ್ನಾದರೂ ಕೊಡಬೇಕು. ಈ ಚಾವಿ ಕೊಟ್ಟು, ಹೋಗವಾ, ನೀನೇ ಕರೀಮನಿಗೆ ಹೇಳಿಸು, ಎನ್ನಬೇಕು. ಬಲಗೈ ಮುಂದೆ ಮಾಡಿದ.

ಆ ಕೈಯಲ್ಲಿ ಚಾವಿ ಇರಲಿಲ್ಲ. ಚಪ್ಪಲಿ ಇದ್ದವು.

ಯಾವಾಗ ಬಿಚ್ಚಿದೆ ಎಂದು ಅವನಿಗೆ ತಿಳಿಯಲಿಲ್ಲ. ಕಾಲ ಕೆಳಗೆ ಮಣ್ಣು ಕಾದು ಸುಡುತ್ತಿತ್ತು, ಅದೂ ಈಗಲೇ ತಿಳಿದದ್ದು. ಸುಂದ್ರಿ ಚಪ್ಪಲಿಗಳನ್ನು ನೋಡಿದಳು. ಅವಳ ಅಂಗೈ ಮೆಲ್ಲಗೆ ಒಳಗೆ ಹೋಯಿತು. ಇರಲಿ ಬಿಡು ಮಾವ, ಎಂದಳು, ಜ್ವರ ಬಂದವರಿಗೆ ಹೇಳುವ ಹಾಗೆ. ಹಿಂದಕ್ಕೆ ತಿರುಗಿ, ನೂಕ್ರಿ, ಎಂದಳು.

ಮೂವರೂ ಹೆಗಲು ಕೊಟ್ಟರು. ಕಾರು ಕದಲಿತು, ವಾಡೆಯ ಮುಂದೆ ಬಂತು, ವಾಡೆಯನ್ನು ದಾಟಿತು, ಇಳಿಜಾರು ಸಿಕ್ಕ ಮೇಲೆ ನೂಕುವವರು ಕೈಬಿಟ್ಟರೂ ತಾನೇ ಹೋಗತೊಡಗಿತು. ಅದರ ತಳದಿಂದ ಕೆಂಪು ಪುಡಿ ದಾರಿಯುದ್ದಕ್ಕೂ ಉದುರಿತು. ಯಾರೋ ಕೇಕೆ ಹಾಕಿದರು. ಟ್ರಾಲಿಯ ಹೆಂಗಸರು ಮದುಮಗಳು ಕಾರು ಹೊಡೆಯುವುದನ್ನು ನೋಡಿ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಕೇರಿಯ ತಿರುವಿನಲ್ಲಿ ಕಾರು ಮರೆಯಾಯಿತು.

ಚಂದ್ರಾಮಪ್ಪ ಅಗಸೆಯ ಈಚೆಗೆ ನಿಂತಿದ್ದ. ಎಡಗೈಯಲ್ಲಿ ಚಾವಿ, ಬಲಗೈಯಲ್ಲಿ ಚಪ್ಪಲಿ. ಹೊತ್ತು ಇನ್ನೂ ಮುಳುಗಿರಲಿಲ್ಲ. ಚಪ್ಪಲಿ ಹಾಕಿಕೊಂಡು ನಡೆದರೆ ತಂಗಿಯ ಮನೆ ಐದು ನಿಮಿಷದ ದಾರಿ. ಹಾಕಿಕೊಳ್ಳಬೇಕೆಂದು ಬಗ್ಗಿದ.

ಕಟ್ಟೆಯ ಮೇಲಿನ ಹೋತ ಮೆಲುಕು ನಿಲ್ಲಿಸಿ ಅವನನ್ನೇ ನೋಡುತ್ತಿತ್ತು.

ಅದು ಆ ಕಡೆ ಮುಖ ತಿರುಗಿಸಲಿ ಎಂದು ಅವನು ಕಾದ.